ದಾಳಿಂಬ್ರಿ ಗಿಡದ ಕೋಲಜೇನು

ಸನತ್‌ನಗರ, ಹೈದರಾಬಾದ್
ತಾ. ೯-೪-೧೯೭೮, ರವಿವಾರ

ಪ್ರೀತಿಯ ಗುಣವತಿಗೆ,

ನೀನು, ವನಜಾ, ಕೂಸು ಮೂವರೂ ಆರಾಮ ಅದೀರಿ ಅಂತ ತಿಳಕೊಂಡೀನಿ. ಮಗಳಿಗೆ ಊಟ ಸೇರಾಕತ್ತೇತೋ ಇಲ್ಲೋ? ಬೀಗತಿಯವರು ಕಾಲು ಮುರಕೊಂಡು ಮಲಗಿದ್ದಕ್ಕ ಈ ಸಲದ ಬಾಣಂತನಕ್ಕ ನೀನ ವಿಜಾಪುರಕ್ಕ ಹೋಗಬೇಕಾತು. ಬಾಣಂತಿನ್ನೂ ನೋಡಿ, ಬೀಗತಿನ್ನೂ ನೋಡಿ ನಿನ್ನ ಮಣಕಾಲು ಏನಾಗಿರಬೇಕು. ದಿನಾ ಎಣ್ಣಿ ಹಚ್ಚಿ ಬಿಸಿನೀರು ಹಾಕ್ಕೋ. ಇಲ್ಲಿ ಬಿಸಲು ಸುರು ಆಗೇತಿ. ನಾನು ರೊಟ್ಟಿ ಬಡಿಯಾಕ ಹೋಗಿ ಕೈ ಸುಟಗೊಂಡು ಈಗ ಅನ್ನ ಸಾರಿನ ಮ್ಯಾಲೆ ಅದೀನಿ. ನಗಬ್ಯಾಡ. ಸ್ಟೋರಿನ ಇನ್‌ಚಾರ್ಜ್ ಕೆಲಸ ನನಗ ಆಗೇತಿ, ಮಂಗಳವಾರ ಆರ್ಡರ್ ಕೈಗೆ ಕೊಟ್ರು. ಇಂಥಾ ಸುದ್ದಿ ಅವತ್ತ ಬರೀಬೇಕಿತ್ತು, ಮೊದಲನೇ ಸಾಲಿನ್ಯಾಗ ಬರೀಬೇಕಿತ್ತು. ಕೈ ಬರಲಿಲ್ಲ.

ಹಿತ್ತಲಿನ ದಾಳಿಂಬ್ರಿ ಗಿಡದಾಗಿನ ಕೋಲಜೇನು ಕೆಡವಿದ್ದು ನಾನು, ಗುಣವತಿ. ಮನಿಗೆಲಸದ ಅಂಬವ್ವ ಅಲ್ಲ. ಮಾರ್ಚಿ ಮೊದಲನೇ ವಾರ ನಮ್ಮ ಮ್ಯಾನೇಜರ್ ಸಾಹೇಬ್ರು ಅವರಪ್ಪಗ ಕೆಮ್ಮು, ಔಷಧಕ್ಕ ಚೊಕ್ಕ ಜೇನುತುಪ್ಪ ಎಲ್ಲೂ ಸಿಗವಲ್ದು ಅಂದ್ರು. ಯಾರೂ ನನ್ನ ಕೇಳಿದ್ದಿಲ್ಲ. ನಾನ ಮುಂದ ಬಿದ್ದು, ನಮ್ಮ ಮನ್ಯಾಗ ಐತ್ರಿ ಸಾಹೇಬ್ರ ಅಂದೆ. ಇನ್‌ಚಾರ್ಜ್ ಜಾಗಾ ಖಾಲಿ ಇತ್ತು, ಅದು ತಲ್ಯಾಗ ಇತ್ತು. ಮನಿಗೆ ಬಂದು ಹಸಿ ಗೋಣಿ ಚೀಲಕ್ಕ ಬೆಂಕಿ ಹಚ್ಚಿ ಹೊಗಿ ಹಾಕಿದೆ. ಬಚ್ಚಲ ಒಲಿ ಹೊಗಿ ಆ ಕಡೆ ಹೋಗಬಾರದಂತ ನೀ ತಗಡು ಅಡ್ಡ ಮಾಡಿ ನಿಲ್ಲಿಸಿದ್ದೆಲ್ಲ, ಆ ತಗಡಿನ ಮ್ಯಾಲೆ ಕಾಲಿಟ್ಟು ಹತ್ತಿ ಕುಡಗೋಲಿಲೆ ಟೊಂಗಿ ಕೊಯ್ದೆ. ನನ್ನ ಕಿವಿಗೆ ಎರಡು ಕಚ್ಚಿದವು, ಅಷ್ಟ. ತುಪ್ಪ ಇದ್ದದ್ದು ಹುಟ್ಟಿನ ಮ್ಯಾಲಿನ ತಲಿಯಾಗ ಮಾತ್ರ, ಸಣ್ಣ ಔಷಧಿ ಬಾಟಲಿ ಅರ್ಧ ಆತು, ಮರುದಿನ ಅದನ್ನ ಸಾಹೇಬ್ರ ಕೈಗೆ ಕೊಟ್ಟೆ. ಕೆಳಗಿಂದೆಲ್ಲಾ ಹುಳದ ಮರಿ, ಬೆಳ್ಳಗ, ಅಕ್ಕಿಕಾಳಿನಂಗ. ಅದನ್ನ ಏನು ಮಾಡಬೇಕಂತ ತಿಳೀದ ಗ್ವಾಡಿ ಬುಡಕ್ಕ ಒಗದೆ. ಇರವಿ ಮುತ್ತಿದವು. ಜೇನಹುಳ ಆ ಕಡದ ಟೊಂಗಿಗೆ ಗಂಟು ಕಟ್ಟಿಗೊಂಡು ಒಂದೂವರಿ ದಿವಸ ಜೋತಾಡಿದವು, ಆಮ್ಯಾಲೆ ಹೋದವು. ನೀ ಅವಕ್ಕಂತ ಇಟ್ಟಿದ್ದ ನೀರಿನ ಪರ್ಯಾಣದಾಗ ಈಗ ಅವು ಕುಂಡ್ರಾಕ ಹಾಕಿದ್ದ ಹರಳು ಅಷ್ಟ ಅದಾವು.

ನೀನು ಪತ್ರದಾಗ ಜೇನು ಹ್ಯಾಂಗ ಅದಾವಂತ ಕೇಳಿದಿ. ಅಂಬವ್ವ ಹಸಿ ಸೀರಿ ಜಗ್ಗುವಾಗ ಟೊಂಗಿ ಮುರೀತು ಅಂತ ಬರದೆ. ಬಟ್ಟಿ ಹಗ್ಗ ಆ ಗಿಡಕ್ಕ ಕಟ್ಟಬ್ಯಾಡಂತ ಹಿಂದ ನೀವಿಬ್ಬರೂ ಜಗಳಾಡಿದ್ರಿ, ಅದು ನೆನಪಾಗಿ ಸುಳ್ಳು ಸಲೀಸ ಬಂತು. ಅದಕ್ಕ ನೀ ಬರದದ್ದು ಒಂದ ಸಾಲು, 'ನಾ ಬಂದ ಮ್ಯಾಲೆ ಆಕಿನ್ನ ಕೇಳತೀನಿ' ಅಂತ. ಆಕಿನ್ನ ಬಿಡಿಸ್ರಿ ಅಂತ ನೀ ಬರದಿದ್ದಿಲ್ಲ. ಆದ್ರ ನೀ ಬಂದು ಕೇಳಿದ್ರ ನನ್ನ ಬಣ್ಣ ಬಯಲಾಗತಿತ್ತಲ್ಲ. ಮರುದಿನ ಮುಂಜಾನೆ ಆಕಿ ಭಾಂಡಿ ತಿಕ್ಕಾಕ ಕುಂತಾಗ, 'ಅಮ್ಮಾರು ನಿನ್ನ ಬ್ಯಾಡ ಅಂದಾರ' ಅಂತ ಹೇಳಿಬಿಟ್ಟೆ. ಎಂಟು ವರ್ಷ ಈ ಮನ್ಯಾಗ ಉಂಡಾಕಿ, ವನಜಾನ ಮದುವ್ಯಾಗ ನಿನ್ನಕಿಂತ ಹೆಚ್ಚು ಓಡ್ಯಾಡಿದಾಕಿ. ಯಾಕ್ರೀ ಅಂದ್ಲು. ನೀ ಜೇನು ಕೆಡವಿದಿ ಅಂತ ಸಿಟ್ಟಾಗ್ಯಾರ ಅಂದೆ. 'ನಾ ಆ ದಿನ ತಂಗಿ ಮಗಳ ಲಗ್ನಕ್ಕ ಯಾದಗಿರಿಗೆ ಹೋಗಿದ್ದೆನ್ರೀ ಅಪ್ಪಾರ, ನೀವ ಬಸ್ ಹತ್ತಿಸಿದ್ರಿ' ಅಂದ್ಲು. ಹೌದು, ನಾನ ಹತ್ತಿಸಿದ್ದೆ. ಪೇಪರ್ ಓದಿದಂಗ ಮಾಡಿದೆ. ಆಕಿ ಉಳಿದ ಭಾಂಡಿ ತಿಕ್ಕಿ ಡಬ್ಬ ಹಾಕಿ, ನಡಕ್ಕ ಸಿಕ್ಕಿಸಿದ್ದ ಹಿತ್ತಲ ಬಾಗಲದ ಕೀಲಿಕೈ ತಗದು ಕಟ್ಟಿ ಮ್ಯಾಲಿಟ್ಟು ಹೋದ್ಲು.

ಎಂಟು ವರ್ಷದ ಮನಿಯವರು ಬಿಡಿಸ್ಯಾರಂದ್ರ ಏನೋ ಕದ್ದಿರಬೇಕು ಅಂತ ನಮ್ಮ ಮನಿ ಲೈನಿನ ಮಂದಿ ಮಾತಾಡಿದ್ರಂತ. ಬಾಜೂ ಮನಿ ಬಸಲಿಂಗಮ್ಮನೂ ಆಕಿನ್ನ ಬಿಡಿಸಿದ್ಲು. ಅದು ನನ್ನ ಕಿವಿಗೆ ಬಿದ್ದಿತ್ತು, ಆದ್ರೂ ಸುಮ್ಮನಿದ್ದೆ. ಮಂಗಳವಾರ ಆರ್ಡರ್ ಕೊಡುವಾಗ ನೋಡಿದೆ, ತಾರೀಖು ಫೆಬ್ರವರಿ ಇಪ್ಪತ್ತೇಳು ಐತಿ. ನಾ ಜೇನಿಗೆ ಕೈ ಹಾಕೂಕಿಂತ ಮೊದಲ ಟೈಪ್ ಆಗಿತ್ತು, ಸಹಿ ಒಂದು ಬಾಕಿ ಇತ್ತಂತ. ನಿಮ್ಮ ತಂದಿಯವರಿಗೆ ತುಪ್ಪ ಹಿಡೀತೇನ್ರಿ ಅಂತ ಕೇಳಿದೆ. 'ಯಾವ ತುಪ್ಪರೀ?' ಅಂದ್ರು ಸಾಹೇಬ್ರು.

ಇವತ್ತು ಮುಂಜಾನೆ ಮೊದಲ ಬಸಲಿಂಗಮ್ಮನ ಮನಿಗೆ ಹೋಗಿ ಇದ್ದದ್ದು ಇದ್ದಂಗ ಹೇಳಿದೆ. ಆಕಿ ನನ್ನ ಮಾರಿ ನೋಡಿದ ರೀತಿ ಬರಿಯಾಕ ಬರಂಗಿಲ್ಲ. ಅಲ್ಲಿಂದ ಅಂಬವ್ವನ ಗುಡಿಸಲಿಗೆ ಹೋದೆ. ಈಗ ಆಕಿ ಗಚ್ಚಿಬೌಲಿ ಕಡೆ ಕಟ್ಟಡದ ಕೆಲಸಕ್ಕ ಹೋಗಿ ಕಲ್ಲು ಹೊರಾಕತ್ತಾಳ, ಈ ವಯಸ್ಸಿನ್ಯಾಗ. ಅಂಗೈ ಒಡದು ಅರಿವಿ ಕಟಗೊಂಡಾಳ. ನಿಂತ ಹೇಳಿದೆ, ಕೈ ಮುಗದು ಹೇಳಿದೆ. ಕುಂಡ್ರಿ ಅಪ್ಪಾರ ಅಂತ ಚಾಪಿ ಹಾಸಿದ್ಲು, ಚಾ ಮಾಡಿಕೊಟ್ಲು. ಬೈದಿದ್ರ ಬೇಸಿತ್ತು.

ಬೀಗರಿಗೆ, ಬೀಗತಿಯವರಿಗೆ ನನ್ನ ಶರಣು ತಿಳಸು. ವನಜಾಗ ಆಶೀರ್ವಾದ, ಇದನ್ನ ಆಕಿಗೂ ಓದಿ ಹೇಳು, ಮುಚ್ಚಿಡಬ್ಯಾಡ. ಕೂಸಿಗೆ ನನ್ನ ಮುತ್ತು.

ಮಾರಿ ತೋರಿಸಾಕ ನಾಚಿಕಿ ಆಗಾಕತ್ತಿದ ನಿನ್ನ
ಚನ್ನಬಸಪ್ಪ

ತಾ.ಕ.: ಟಪಾಲ ಡಬ್ಬಿ ತಗಿಯೂ ಹೊತ್ತಾತು, ಇದನ್ನ ಬರಿಯಾಕ ಕಾಗದದ ಅಂಚು ಅಷ್ಟ ಉಳದೈತಿ. ಕೆಲಸಕ್ಕ ಬಾ ಅಂದ್ರ ಅಂಬವ್ವ ಬರವಲ್ಲಳು. 'ನೀವು ಕರದ್ರ ಬರಂಗಿಲ್ರೀ ಅಪ್ಪಾರ. ಅಮ್ಮಾರು ಬ್ಯಾಡಂದಾರಂತ ಲೈನಿಗೆಲ್ಲಾ ಗೊತ್ತಾಗೇತಿ. ಅಮ್ಮಾರ ಕೈಲೆ ಬರದದ್ದು ಬರಲಿ, ನಾಕು ಮಂದಿ ಮುಂದ ಓದಲಿ' ಅಂದ್ಲು. ಓದಾಕ ಬಸಲಿಂಗಮ್ಮ ಒಪ್ಪ್ಯಾಳ. ನನಗ ಉತ್ತರ ಬರೀದಿದ್ರೂ ನಡೀತೈತಿ, ಮೊದಲ ಆಕಿಗೆ ಬರಿ. ವಿಳಾಸ: ಅಂಬವ್ವ, ರೇಲ್ವೆ ಗೇಟಿನ ಆಚಿ ಗುಡಿಸಲು, ಸನತ್‌ನಗರ. ಕೇರ್ ಆಫ್ ಅಂತ ನನ್ನ ಹೆಸರು ಹಾಕಬ್ಯಾಡ, ಬ್ಯಾಡಂತ ಆಕಿನ ಹೇಳ್ಯಾಳ.