ಜೋಡಿ ಸೈಕಲ್ಲಿನ ಮುಂದಿನ ಸೀಟು

ನನ್ನ ಗುಬ್ಬಿಗೆ,

ಅಕ್ಕನ ಆಶೀರ್ವಾದಗಳು. ತೊಂಬತ್ತು ಕಿಲೋ ತೂಗುವ ಗಂಡಸನ್ನು ಗುಬ್ಬಿ ಎಂದು ಕರೆಯಲು ನಾಚಿಕೆಯಾಗಬೇಕು ನಿಜ. ಆದರೆ ಹುಟ್ಟಿದಾಗ ನೀನು ಅಂಗೈಯಗಲ ಇದ್ದೆ, ಕರೆದು ಅಭ್ಯಾಸವಾಗಿಹೋಯಿತು, ನಾನೇನು ಮಾಡಲಿ. ಫೋನ್ ಮಾಡಿದರೆ "ಹೂಂ, ಚೆನ್ನಾಗಿದ್ದೀನಿ, ಇಡ್ತೀನಿ" ಎನ್ನುತ್ತೀಯ. ನಾನು ಮನೆಗೆ ಬಂದರೆ ಸ್ನಾನಕ್ಕೆ ಹೋಗುತ್ತೀಯ. ಯಾವ ಮನುಷ್ಯ ಅಷ್ಟು ಸಲ ಸ್ನಾನ ಮಾಡುತ್ತಾನೋ! ಅದಕ್ಕೇ ಈ ಕಾಗದ. ಕಣ್ಣು ಕಾಣದವನಿಗೆ ಕಾಗದ ಬರೆಯುವುದು ಎಂಥ ಬುದ್ಧಿವಂತಿಕೆ ಎಂದು ನೀನು ನಗಬಹುದು. ನಿನ್ನ ಹೆಂಡತಿ ಓದಿ ಹೇಳುತ್ತಾಳೆ. ಅವಳಿಗೂ ಒಂದು ಮಾತು: ಅಮ್ಮಾ ತಾಯಿ, ನೀನು ಊರಿಗೇ ಒಳ್ಳೆಯ ಟೈಲರ್ ಇರಬಹುದು, ಆದರೆ ಇದು ಬಟ್ಟೆಯಲ್ಲ, ಬೇಕಾದ ಕಡೆ ಕತ್ತರಿ ಆಡಿಸಬೇಡ. ಬರೆದದ್ದನ್ನೆಲ್ಲ ಓದು.

ಗುಬ್ಬಿ, ನೀರು ಸರಬರಾಜು ಕಚೇರಿಯ ಫೋನಿನ ಮುಂದೆ ಕೂತು ದಿನವಿಡೀ ಜನರ ದೂರು ಕೇಳುತ್ತೀಯ. ಪೈಪು ಒಡೆದವರು, ನಲ್ಲಿಯಲ್ಲಿ ನೀರು ಬರದವರು, ಬಂದರೂ ಕೆಸರು ಬಂದವರು. ಎಲ್ಲರಿಗೂ ತಾಳ್ಮೆಯಿಂದ ಉತ್ತರ ಕೊಡುತ್ತೀಯ. ನನ್ನದೂ ಒಂದು ದೂರಿದೆ, ಬರೆದುಕೋ. ನಾವಿಬ್ಬರೂ ಬಿದ್ದ ದಿನದಿಂದ ನೀನು ನಮ್ಮ ಜೋಡಿ ಸೈಕಲ್ ಮುಟ್ಟಿಲ್ಲ.

ನಿನ್ನ ಕಣ್ಣು ಪೂರ್ತಿ ಹೋದ ವರ್ಷ ನೆನಪಿದೆಯಾ? ಕೋಲು ಹಿಡಿದು ರಸ್ತೆಗಿಳಿದರೆ ಎಡಗಡೆ ಹಾರ್ನು, ಬಲಗಡೆ ಹಾರ್ನು, ನೀನು ನಡುರಸ್ತೆಯಲ್ಲಿ ಕಂಬದ ಹಾಗೆ ನಿಂತುಬಿಡುತ್ತಿದ್ದೆ. ನಾನು ಆಗಷ್ಟೇ ಶಾಲೆಯಿಂದ ನಿವೃತ್ತಳಾಗಿದ್ದೆ. ಜೀವನವಿಡೀ ಮೈದಾನದಲ್ಲಿ ಸೀಟಿ ಊದಿ ಮಕ್ಕಳನ್ನು ಓಡಿಸಿದವಳಿಗೆ ಮನೆಯಲ್ಲಿ ಓಡಿಸಲು ಒಂದು ಬೆಕ್ಕೂ ಇರಲಿಲ್ಲ. ಆ ಹೊತ್ತಿಗೇ ಹಳೆಯ ರೈಲು ದಾರಿಯ ಕಂಬಿ ಕಿತ್ತು, ಜಲ್ಲಿ ಹರಡಿ, ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಟ್ಟರು. ಎರಡೂ ತುದಿಗೆ ಕಬ್ಬಿಣದ ಗೇಟು, ಒಂದೂ ಮೋಟಾರು ಗಾಡಿ ಒಳಗೆ ಬರುವ ಹಾಗಿಲ್ಲ. ಸೈಕಲ್ ಅಂಗಡಿಯ ಬೋಳುತಲೆಯವನು ಮೂಲೆಯಲ್ಲಿ ಧೂಳು ಹಿಡಿಸಿಟ್ಟಿದ್ದ ಜೋಡಿ ಸೈಕಲ್ಲನ್ನು ನಾನು ತಂದೆ. ಮುಂದೆ ಒಬ್ಬರು, ಹಿಂದೆ ಒಬ್ಬರು, ಇಬ್ಬರ ಪೆಡಲಿಗೂ ಒಂದೇ ಚೈನು. ಮೊದಲ ದಿನ ನೀನು ಹ್ಯಾಂಡಲ್ ಬಿಟ್ಟು ನನ್ನ ಅಂಗಿ ಹಿಡಿದುಕೊಂಡಿದ್ದೆ, ಹೊಲಿಗೆಯೇ ಬಿಟ್ಟುಹೋಯಿತು.

ಆಮೇಲೆ ನಮ್ಮದೇ ಒಂದು ಪದ್ಧತಿ ಬೆಳೆಯಿತು. ನಾನು ಮುಂದಿನಿಂದ ಕೂಗಬೇಕು: ಗುಂಡಿ, ಬೇರು, ಎಡ, ತುಳಿ, ಬಿಡು. ನೀನು ಮೈಯನ್ನು ಹಾಗೇ ವಾಲಿಸಬೇಕು. ನಡುವೆ ಬಿಡುವು ಸಿಕ್ಕಾಗ ಕಂಡದ್ದನ್ನೂ ಹೇಳುತ್ತಿದ್ದೆ. ಹೊಳೆ ಇವತ್ತು ಚಹಾ ಬಣ್ಣ ಕಣೋ, ನೀರುನಾಯಿ ಬಂಡೆ ಮೇಲೆ ಮೈ ಒಣಗಿಸ್ತಾ ಇದೆ, ಅರಣ್ಯ ಇಲಾಖೆಯವರು ಬಿದ್ದ ಮರ ಕೊಯ್ದು ಪೇರಿಸಿದ್ದಾರೆ. "ವಾಸನೆ ಬಂತು, ಮುಂದಿನದ್ದು ಹೇಳು" ಎನ್ನುತ್ತಿದ್ದೆ ನೀನು. ಸ್ವಲ್ಪ ದಿನದಲ್ಲೇ ನಿನಗೆ ದಾರಿ ಬಾಯಿಪಾಠವಾಯಿತು. ಮರದಡಿಯ ಒದ್ದೆ ಜಲ್ಲಿ ಮೆತ್ತಗೆ ಸದ್ದು ಮಾಡುತ್ತದೆ, ಬಿಸಿಲಿನದು ಕರಕರ ಎನ್ನುತ್ತದೆ, ಕಣಿವೆಗೆ ಇಳಿದ ಕೂಡಲೇ ಕೆನ್ನೆ ತಣ್ಣಗಾಗುತ್ತದೆ. ಇದೆಲ್ಲ ನೀನು ಹೇಳಿದ ಮೇಲೆ ನನಗೆ ತಿಳಿದದ್ದು.

ಆಟ ಕಲಿಸಿದವಳ ಚಟ ಎಲ್ಲಿ ಹೋಗುತ್ತದೆ, ಅದನ್ನೂ ಆಟ ಮಾಡಿಕೊಂಡೆವು. ನಾನು ಬಾಯಿ ಮುಚ್ಚಬೇಕು, ನೀನು ಹಿಂದಿನಿಂದ ದಾರಿ ಹೇಳಬೇಕು. ನೀನು ತಪ್ಪಿದ್ದೇ ಅಪರೂಪ. ಕೊನೆಕೊನೆಗೆ ಕಣ್ಣಿದ್ದವಳು ಮಿಂಚುಳ್ಳಿ ನೋಡಿಕೊಂಡು ಹಾಯಾಗಿ ಕೂತಿರುತ್ತಿದ್ದೆ, ದಾರಿ ನೋಡುವ ಕೆಲಸ ಕಣ್ಣಿಲ್ಲದವನದಾಗಿತ್ತು. ಇಂಥ ತಪ್ಪನ್ನು ಲೋಕದಲ್ಲಿ ನಾವಿಬ್ಬರೇ ಮಾಡಲು ಸಾಧ್ಯ, ಬಿಡು. ಆ ದಿನ ಹಲಗೆ ಸೇತುವೆಗೆ ಮುಂಚಿನ ಇಳಿಜಾರಿನಲ್ಲಿ ರಿಪೇರಿಯವರು ಹೊಸ ಜಲ್ಲಿ ಸುರಿದು ಹೋಗಿದ್ದರು. "ನೇರ ಇದೆ ಅಕ್ಕ, ತುಳಿ" ಎಂದೆ ನೀನು. ಇಬ್ಬರೂ ಜೋರಾಗಿ ತುಳಿದೆವು. ಮುಂದಿನ ಚಕ್ರ ಹೂತುಕೊಂಡಿತು. ನಿನ್ನ ಭುಜದ ಮೂಳೆ ಮುರಿಯಿತು, ನನ್ನ ಮೊಣಕಾಲು ಕಲ್ಲಿಗೆ ಬಡಿಯಿತು.

"ಕುರುಡನ ಮಾತು ಕೇಳಿ ನೀನು ಕಾಲು ಕಳ್ಕೊಂಡೆ. ಆ ಸೈಕಲ್ ಮಾರಿಬಿಡು" ಎಂದೆಯಲ್ಲ ಆಸ್ಪತ್ರೆಯಲ್ಲಿ, ಆ ಮಾತು ನನ್ನನ್ನು ಮೊಣಕಾಲಿಗಿಂತ ಹೆಚ್ಚು ನೋಯಿಸಿತು. ಈಗ ಕೇಳು. ಮೂಳೆ ಡಾಕ್ಟರು ಎಕ್ಸ್‌ರೇ ಹಿಡಿದು ನನ್ನನ್ನು ಬೈದರು. "ಇದು ಬಿದ್ದ ಏಟಲ್ಲಮ್ಮ, ಸವೆದಿರೋದು. ಮೈದಾನದಲ್ಲಿ ಓಡಿ ಓಡಿ ನೀವೇ ಸವೆಸಿದ್ದೀರ. ಇದು ಇವತ್ತಲ್ಲ ನಾಳೆ ಕೈಕೊಡ್ತಿತ್ತು" ಎಂದರು. ತುಳಿಯುವುದಕ್ಕೆ ತೊಂದರೆಯಿಲ್ಲವಂತೆ. ಆದರೆ ಸೈಕಲ್ ನಿಂತಾಗಲೆಲ್ಲ ಮುಂದೆ ಕೂತವರು ಅದನ್ನೂ ಹಿಂದಿನವರನ್ನೂ ಕಾಲೂರಿ ತಡೆಯಬೇಕು, ಅದು ಇನ್ನು ಈ ಕಾಲಿನಿಂದ ಆಗದು. ತೊಂಬತ್ತು ಕಿಲೋ ಅಂದರೆ ಹುಡುಗಾಟವೇ? ಹಾಗಾಗಿ ನಾನು ಮುಂದಿನ ಸೀಟಿನಿಂದ ಇಳಿದಾಯಿತು. ಅದಕ್ಕೆ ಕಾರಣ ನೀನಲ್ಲ.

ಸೈಕಲ್ಲನ್ನು ನಾನು ಮಾರಲಿಲ್ಲ. ನನ್ನ ಷೆಡ್ಡಿನಲ್ಲೇ ಇತ್ತು. ನಿನ್ನ ಹೆಂಡತಿ ಬಂದು ಅದರ ಮೇಲೆ ಹಳೆಯ ಪರದೆ ಹೊದಿಸಿ ಹೋದಾಗ ನಾನು ಅವಳ ಮೇಲೆ ಉರಿದುಬಿದ್ದಿದ್ದೆ. ಇವಳೇ ನಿನ್ನನ್ನು ಹೆದರಿಸಿ ಕೂರಿಸಿದ್ದಾಳೆ ಎಂದುಕೊಂಡಿದ್ದೆ. ಒಂದು ಮಧ್ಯಾಹ್ನ ಅಂಗಡಿ ಮುಚ್ಚಿ, ಕುತ್ತಿಗೆಗೆ ಹಾಕಿಕೊಂಡ ಅಳತೆ ಟೇಪನ್ನೂ ತೆಗೆಯದೆ ನನ್ನ ಅಡುಗೆಮನೆಗೆ ಬಂದು ನಿಂತಳು. "ಅಕ್ಕಾ, ಅವರು ಮನೇಲಿ ಗೋಡೆ ಮುಟ್ಕೊಂಡು ನಡೀತಾರೆ. ಹತ್ತೊಂಬತ್ತು ವರ್ಷದಿಂದ ಇರೋ ಮನೆ. ಮುಂಚೆ ಕೈಯಲ್ಲಿ ಎರಡು ಲೋಟ ಹಿಡ್ಕೊಂಡು ಓಡಾಡ್ತಿದ್ರು. ಈಗ ಕುರ್ಚಿಯಿಂದ ಏಳೋಕೂ ನನ್ನನ್ನ ಕೇಳ್ತಾರೆ" ಎಂದಳು. ಆಮೇಲೆ ಅತ್ತಳು. ಅತ್ತು, ಮೂಗು ಒರೆಸಿಕೊಂಡು, "ಮುಂದೆ ಕೂರೋದು ನಂಗೆ ಹೇಳ್ಕೊಡಿ" ಎಂದಳು.

ಏನಮ್ಮಾ, ಓದುವುದನ್ನು ನಿಲ್ಲಿಸಿದೆಯಾ? ಮುಂದೆ ಓದು. ಅವನಿಗೆ ಗೊತ್ತಾಗಬೇಕು.

ಗುಬ್ಬಿ, ಅವಳು ಭಾನುವಾರ ಬೆಳಿಗ್ಗೆ ಬಟ್ಟೆ ತರಲು ಹೋಗುತ್ತೇನೆ ಎಂದದ್ದೆಲ್ಲ ಸುಳ್ಳು. ನನ್ನ ಜೊತೆ ಜಲ್ಲಿ ದಾರಿಯಲ್ಲಿದ್ದಳು. ಮೊದಮೊದಲು ಗೇಟಿನ ಕಂಬಕ್ಕೆ ಗುದ್ದಿದಳು, ಬೇಲಿಗೆ ಗುದ್ದಿದಳು, ಅಂಕುಡೊಂಕಾಗಿ ಹೋಗಿ ಒಬ್ಬ ಮುದುಕರ ನಾಯಿಯನ್ನು ಹೆದರಿಸಿದಳು. ನಾನು ಹಿಂದಿನ ಸೀಟಿನಲ್ಲಿ ಕೂತಿದ್ದೆ. ಅವಳ ಕೈ ಸ್ವಲ್ಪ ಕೂತ ಮೇಲೆ, ಅವಳ ಅಂಗಡಿಯ ಕಪ್ಪು ಬಟ್ಟೆಯ ತುಂಡೊಂದನ್ನು ಕಣ್ಣಿಗೆ ಕಟ್ಟಿಕೊಂಡೆ. ಅಯ್ಯೋ ಗುಬ್ಬಿ! ಜೀವ ಬಾಯಿಗೆ ಬಂತು. ಗೊತ್ತಿರುವ ದಾರಿಯೇ, ಆದರೂ ಪ್ರತಿ ತಿರುವಿನಲ್ಲೂ ಬಿದ್ದೆ ಬಿದ್ದೆ ಅನ್ನಿಸಿತು. ನೀನು ಅಷ್ಟು ವರ್ಷ ಹಾಡು ಗುನುಗಿಕೊಂಡು ಇಲ್ಲೇ ಕೂತಿದ್ದೆ. ನನ್ನನ್ನು ಎಷ್ಟು ನಂಬಿದ್ದೆ ಎಂದು ಅಲ್ಲಿ ಕೂತ ಮೇಲೆ ಅರ್ಥವಾಯಿತು, ಬಟ್ಟೆಯೊಳಗೇ ಕಣ್ಣು ಒದ್ದೆಯಾಯಿತು.

ಅವಳು ನನ್ನ ಹಾಗೆ ಕಿರುಚುವುದಿಲ್ಲ. "ಎಡಕ್ಕೆ ಎರಡು ಬೆರಳು" ಎನ್ನುತ್ತಾಳೆ. ದಾರಿ ಕಿರಿದಾದರೆ "ಇಲ್ಲಿ ಸೊಂಟ ಬಿಗಿ" ಎನ್ನುತ್ತಾಳೆ. ಮಳೆ ನೀರು ಕೊರೆದ ಕಡೆ "ಹೊಲಿಗೆ ಬಿಚ್ಚಿದೆ, ಮೆಲ್ಲಗೆ" ಎನ್ನುತ್ತಾಳೆ. ನನಗೆ ನಗು ತಡೆಯಲಾಗಲಿಲ್ಲ. ಆದರೆ ಅವಳ ಬೆರಳು ಎಂದರೆ ಬೆರಳೇ, ಒಂದಿಷ್ಟೂ ಆಚೀಚೆ ಇಲ್ಲ. ಹೊಸ ಜಲ್ಲಿ ಸುರಿದ ಆ ಇಳಿಜಾರಿನಲ್ಲಿ ಸೈಕಲ್ಲಿನಿಂದ ಇಳಿದು, ಚಪ್ಪಲಿ ಕಾಲಿನಿಂದ ಅದುಮಿ ನೋಡಿ, ಆಮೇಲೆ ಹತ್ತಿದಳು. ಹೊಳೆ ದಾಟಿ ಆಚೆ ಕಾಡಿನವರೆಗೂ ಹೋಗಿ ಬಂದೆವು. ನಿನ್ನನ್ನು ಅವಳ ಹಿಂದೆ ಕೂರಿಸಲು ನನಗೆ ಭಯವಿಲ್ಲ.

ಈ ಭಾನುವಾರ ಬೆಳಿಗ್ಗೆ ಅವಳು ಸೈಕಲ್ಲನ್ನು ನಿಮ್ಮ ಬಾಗಿಲಿಗೆ ತಂದು ನಿಲ್ಲಿಸುತ್ತಾಳೆ. ಹತ್ತುವುದೂ ಬಿಡುವುದೂ ನಿನಗೆ ಸೇರಿದ್ದು. ಹತ್ತುವುದಿಲ್ಲ ಎನ್ನುವುದಾದರೆ ಈಗಲೇ, ಇದನ್ನು ಓದುತ್ತಿರುವವಳಿಗೇ ಹೇಳು. ನನ್ನ ಕಾಲಿನ ನೆಪ ಹೇಳಬೇಡ, ಸ್ನಾನಕ್ಕೂ ಓಡಬೇಡ.

ನನಗೆ ಹೊಟ್ಟೆಕಿಚ್ಚಿಲ್ಲ ಎಂದರೆ ಸುಳ್ಳಾದೀತು. ಬೆನ್ನ ಹಿಂದೆ ನಿನ್ನ ಉಸಿರು ಕೇಳಿಸಿಕೊಳ್ಳುತ್ತಾ ಆ ಕಾಡು ದಾಟುವುದಕ್ಕಿಂತ ದೊಡ್ಡ ಸುಖ ನನಗೆ ಇನ್ನೊಂದು ಇರಲಿಲ್ಲ. ಇಷ್ಟು ದಿನ ಅವಳು ನನ್ನ ಎತ್ತರದ ಸೀಟಿನಲ್ಲೇ, ಕಾಲಿನ ತುದಿ ಎಟುಕಿಸಿಕೊಂಡು ಓಡಿಸಿದಳು. ಇಳಿಸೋಣ ಎಂದರೂ ಒಪ್ಪಿರಲಿಲ್ಲ. ನಿನ್ನೆ ನಾನೇ ಸ್ಪ್ಯಾನರ್ ತಂದೆ. ಅವಳು ಜೇಬಿನಿಂದ ಟೈಲರ್ ಚಾಕ್ ತೆಗೆದು, "ಇರಿ ಅಕ್ಕಾ, ನಿಮ್ಮ ಎತ್ತರಕ್ಕೆ ಒಂದು ಗುರುತು ಹಾಕಿಡ್ತೀನಿ, ಮತ್ತೆ ನೀವು ಕೂರೋವಾಗ ಬೇಕಾಗುತ್ತೆ" ಎಂದಳು. ಬೇಡಮ್ಮ ಎಂದೆ. ಸೀಟನ್ನು ಅವಳ ಅಳತೆಗೆ ಇಳಿಸಿ, ಬೋಲ್ಟನ್ನು ನನ್ನ ಕೈಯಾರೆ ಬಿಗಿ ಮಾಡಿದೆ.

ಜಗಳವಾಡುವುದಿದ್ದರೂ ಇಬ್ಬರೂ ಸೈಕಲ್ ಮೇಲೆ ಕೂತೇ ಆಡಿ. ಬೀಳದೆ, ಬಿದ್ದರೂ ಮುರಿಯದೆ, ನೂರು ಕಾಲ ಚೆನ್ನಾಗಿರಿ.

ಇಂತಿ ನಿನ್ನ
ಅಕ್ಕ