ಬಂದ ಮಗು ಆಡಲೇಬೇಕು

ಹುಣಸೂರು
೧೭ ಆಗಸ್ಟ್ ೨೦೨೪, ಶನಿವಾರ

ಗೆಳೆಯ ಖದೀರ್,

ಜೈ ಭೀಮ್. ಮಂಡಿ ಆಪರೇಷನ್ ಆದಮೇಲೆ ಗೋಡೆ ಹಿಡಿದು ಹತ್ತು ಹೆಜ್ಜೆ ಇಟ್ಟೆಯಂತೆ, ನಿನ್ನ ಮಗಳು ಉಮ್ಮೆ ಹಾನಿ ಹೇಳಿದಳು. ಮಂಗಳೂರಿನ ಮೀನು ತಿಂದು ಬೇಗ ಎದ್ದು ಬಾ. ಒಂದೂವರೆ ತಿಂಗಳು ಕಾಗದ ಹಾಕಲಿಲ್ಲವೆಂದು ಬೈಯಬೇಡ. ಫೋನಿನಲ್ಲಿ ನನ್ನ ಬಾಯಿ ಭಾಷಣ ಮಾಡುತ್ತದೆ, ಹೇಳಬೇಕಾದ್ದು ಅದರಡಿ ಮುಚ್ಚಿಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ಮೇಲಿನ ಕಪ್ಪು ಬೆರಳಚ್ಚು ನನ್ನದೇ. ಯಾಕೆಂದು ಆಮೇಲೆ ಹೇಳುತ್ತೇನೆ.

ಹೊರಡುವಾಗ ಫುಟ್‌ಬಾಲ್ ಮಕ್ಕಳನ್ನು ನನ್ನ ಕೈಗಿಟ್ಟು ಒಂದು ಚೀಟಿ ಕೊಟ್ಟೆಯಲ್ಲ: 'ಬಂದ ಮಗು ಆಡಲೇಬೇಕು. ಸೋತರೂ ಸರಿ.' ಪಾಲಿಸಿದೆಯಾ ಎಂದು ಕೇಳುತ್ತೀಯ. ಆಗಸ್ಟ್ ಹದಿನಾಲ್ಕರವರೆಗೆ ಒಂದಕ್ಷರ ಬಿಡದೆ ಪಾಲಿಸಿದೆ.

ಹದಿನೈದಕ್ಕೆ ಪಿರಿಯಾಪಟ್ಟಣದಲ್ಲಿ ಫೈನಲ್. ಗೆದ್ದೆವು ಕಣೋ! ಎರಡು–ಒಂದು! ಎದುರಿನ ಮಕ್ಕಳು ಮೈಸೂರಿನಿಂದ ಎ.ಸಿ. ಬಸ್ಸಿನಲ್ಲಿ ಬಂದರು, ನಮ್ಮವರು ಗೊಬ್ಬರದ ಚೀಲ ಇಳಿಸಿದ ಗೂಡ್ಸ್ ಆಟೋದಲ್ಲಿ. ಅವರ ಕಡೆಯವನೊಬ್ಬ, "ಇವ್ರೇನಾ ಟೀಮು?" ಅಂದ. ಕೋಟೆ ಕಡೆಯ ನಮ್ಮ ಪುಟ್ಟಿ ಬಿಟ್ಟಾಳೆಯೇ? "ಊ ಅಂಕಲ್, ನಾವೇಯ. ನಿಮ್ ಕಡೆ ಬಸ್ಸು ಆಡ್ತದಾ?" ಅಂದಳು. ಅವನ ಮುಖ ನೋಡಬೇಕಿತ್ತು ನೀನು.

ಗೆಲುವಿನ ಗೋಲು ಯಾರದು ಗೊತ್ತಾ? ಸಾಗರನದು. ಆರು ತಿಂಗಳಲ್ಲಿ ಗೇಣುದ್ದ ಬೆಳೆದು ತನ್ನ ಕಾಲಿಗೆ ತಾನೇ ಎಡವುತ್ತಿದ್ದನಲ್ಲ, ಅದೇ ಸಾಗರ್. "ಇವನ್ನ ಬುಡ್ಲಾ, ಕಂಬ ನೆಟ್ಟಂಗವ್ನೆ" ಎಂದು ನಾನು ರೇಗಿದ್ದೆ. ಬಾಗಿಲಿನ ಹಲಗೆಗೆ ಹತ್ತರಿ ಹೊಡೆದು ನುಣುಪು ಮಾಡುತ್ತಿದ್ದ ನೀನು ತಲೆಯೂ ಎತ್ತಲಿಲ್ಲ. "ಹಸಿ ಮರ ಕಣ್ಲಾ ಚಲುವ. ಈಗ್ಲೇ ಮೊಳೆ ಹೊಡುದ್ರೆ ಒಣಗಿದ್ಮೇಲೆ ಸೀಳ್ತದೆ. ಅವನ ಕಾಲು ಅವನಿಗೆ ಸಿಗೋಗಂಟ ಕಾಯಿ" ಅಂದೆ. ಸಿಕ್ಕಿತು ಕಣೋ ಅವನ ಕಾಲು. ನೋಡಿದವರೆಲ್ಲ ಎದ್ದು ನಿಂತರು.

ಬಾವುಟ ಹಾರಿಸಲು ಬಂದಿದ್ದ ದೊಡ್ಡ ಮನುಷ್ಯ ಮೈಕಿನಲ್ಲಿ, 'ಬಡವರ ಮಕ್ಕಳೂ ಆಡಬಲ್ಲರು' ಎಂದ. ಬಲ್ಲರಂತೆ! ಒಂದು ಮೈದಾನಕ್ಕಾಗಿ ಏಳು ವರ್ಷ ನೀನು ಅರ್ಜಿ ಹಿಡಿದು ಅಲೆದಾಗ ಈ ಮಹಾಶಯರೆಲ್ಲ ಎಲ್ಲಿದ್ದರು?

ನಿಜ ಹೇಳುತ್ತೇನೆ, ಖದೀರ್. ಮೂವತ್ತು ವರ್ಷ ಮೆರವಣಿಗೆಯಲ್ಲಿ ಗಂಟಲು ಹರಿದುಕೊಂಡೆ, ಲಾಠಿ ತಿಂದೆ. ನೀನು ನಾಲ್ಕು ಚಪ್ಪಲಿಯನ್ನೇ ಗೋಲು ಮಾಡಿ, ಗೆರೆಯಾಚೆ ಬಾಯಿ ಮುಚ್ಚಿ ನಿಂತು, ನಾನು ಕೂಗಿದ್ದನ್ನೆಲ್ಲ ಮಾಡಿ ಮುಗಿಸಿದೆ. ನಿನ್ನ ನೋಟ್‌ಬುಕ್ಕಿನಲ್ಲಿ ಯಾರು ಗೋಲು ಹೊಡೆದರೆಂದು ಬರೆದಿಲ್ಲ. ಚೆಂಡು ಬರುವ ಮೊದಲು ಯಾರು ತಲೆ ಎತ್ತಿ ನೋಡಿದರೆಂದು ಬರೆದಿದ್ದೀಯ. ಕೇರಿ, ಮೊಹಲ್ಲಾ, ಕಾಡಂಚಿನ ಹಾಡಿ, ಎಲ್ಲ ಮಕ್ಕಳೂ ಒಂದೇ ಬಿಂದಿಗೆಯ ನೀರು ಕುಡಿಯುತ್ತಾರೆ. ನನ್ನ ಕಾಲದಲ್ಲಿ ಆ ನೀರಿಗೆ ದೂರ ನಿಂತು ಬೊಗಸೆ ಒಡ್ಡಬೇಕಿತ್ತು.

ನಮ್ಮ ಟೀಮಿನ ಚೈತ್ರ ಹೇಗಿದ್ದಾಳೆ ಎಂದು ನೀನು ಮಗಳ ಕೈಲಿ ಕೇಳಿಸಿದ್ದೆ. ಚೆನ್ನಾಗಿದ್ದಾಳೆ. ಹೊಗೆಸೊಪ್ಪಿನ ಕಾಲ, ಅಜ್ಜಿ ಕುಳ್ಳಮ್ಮನ ಜೊತೆ ಸೊಪ್ಪು ಹದ ಮಾಡುವ ಬ್ಯಾರನ್ ಮನೆಯಲ್ಲಿ ಕೆಲಸ.

ದಿಲ್ಶಾದ್ ತಂಗಿಗೆ ನನ್ನ ಸಲಾಂ. ನಿನ್ನ ಮಂಡಿಗೆ ಬಲ ಬರಲಿ, ನನ್ನನ್ನು ಬೈಯುವ ಬಾಯಿಗೂ ಬರಲಿ.

ನಿನ್ನ
ಚಲುವಯ್ಯ

ಸಹಿ ಹಾಕಿದ ಮೇಲೆ: ಸುದ್ದಿಯನ್ನು ಅರ್ಧ ಬರೆದು ಕಳಿಸಲಾರೆ. ಅವತ್ತು ಒಂದು–ಒಂದು ಆಗಿದ್ದಾಗ ಚೈತ್ರಳ ಸರದಿ. ಶೂ ಕಟ್ಟಿಕೊಂಡು ಗೆರೆಯ ಹತ್ತಿರ ಬಂದು ನಿಂತಳು. ಅವಳು ನಿಧಾನ, ನಿನಗೆ ಗೊತ್ತು. "ತಡ್ಯವ್ವಾ, ಐದ್ ನಿಮಿಷ" ಅಂದೆ. ಐದಾಯಿತು, ಹತ್ತಾಯಿತು, ಆಟವೇ ಮುಗಿಯಿತು. ಒಬ್ಬಳೇ ಒಬ್ಬಳು ಆಡದೆ ಉಳಿದಳು. ನಾವು ಕಪ್ ಎತ್ತಿದಾಗ ಅವಳೂ ಚಪ್ಪಾಳೆ ತಟ್ಟಿದಳು. ಆಮೇಲೆ ಜೆರ್ಸಿ ಮಡಿಸಿ ಚೆಂಡಿನ ಚೀಲದ ಮೇಲಿಟ್ಟು ಹೋದಳು. ನಿನ್ನೆ ಮೈದಾನಕ್ಕೆ ಬರಲಿಲ್ಲ.

ಇವತ್ತು ಅವರ ಬ್ಯಾರನ್ ಹತ್ತಿರ ಹೋದೆ. ಅಜ್ಜಿ ಮೊಮ್ಮಗಳು ಕಡ್ಡಿಗೆ ಹಸಿ ಸೊಪ್ಪು ಕಟ್ಟುತ್ತ ಕೂತಿದ್ದರು. ಕುಳ್ಳಮ್ಮ ನಗುನಗುತ್ತಾ, "ಆಟ ಐತೆ ಅಂತ ಎಲ್ಡು ದಿನದ ಸೊಪ್ಪ ಒಂದೇ ದಿನದಲ್ಲಿ ಕಟ್ಟಾಕಿ ಬಂದಿದ್ಲು ಕಣಪ್ಪಾ. ಎಂಗಾಡುದ್ಲು?" ಅಂದಳು.

ಚೈತ್ರ ಮೆಲ್ಲಗೆ, ನನಗೊಬ್ಬನಿಗೇ ಕೇಳುವಂತೆ, "ಸೆನ್ನಾಗ್ ಆಡ್ದೆ ಅಂದಿದ್ದೀನಿ ಸಾರ್. ನೀವೂ ಅಂಗೇ ಅನ್ನಿ" ಅಂದಳು.

ಶಾಲೆಯ ಹೊಸ್ತಿಲಾಚೆ ಕೂತು ಅಕ್ಷರ ಕಲಿತವನು ನಾನು. ಮನೆಯಲ್ಲಿ ಅವ್ವ ಕೇಳಿದರೆ, 'ಒಳಗೇ ಕೂರಿಸ್ತಾರೆ ಕಣವ್ವ' ಅನ್ನುತ್ತಿದ್ದೆ.

"ನಾನೇ ಆಡಿಸ್ಲಿಲ್ಲ ಕಣವ್ವಾ. ಗೆಲ್ಲೋ ಆಸೆಗೆ ಆಚೆ ನಿಲ್ಲಿಸ್ಬುಟ್ಟೆ" ಎಂದು ಕುಳ್ಳಮ್ಮನಿಗೆ ಹೇಳಿದೆ. ಅವಳ ನಗು ನಿಂತಿತು. ಒಂದು ಕಡ್ಡಿ ನನ್ನತ್ತ ತಳ್ಳಿ, "ಕೂತ್ಕೊ. ಅವ್ಳು ಅವತ್ತು ಕಟ್ಟಿದಷ್ಟು ನೀನೂ ಕಟ್ಟು" ಅಂದಳು. ಹೊತ್ತು ಮುಳುಗುವವರೆಗೆ ಕಟ್ಟಿದೆ. ಸೊಪ್ಪಿನ ಕಪ್ಪು ಅಂಟು ಸೋಪಿಗೂ ಹೋಗಿಲ್ಲ.

ನಾಳೆ ಭಾನುವಾರ, ಮಕ್ಕಳೆಲ್ಲ ಮೈದಾನಕ್ಕೆ ಬರುವ ದಿನ. ಬಾ ಎನ್ನಲು ನನ್ನ ಈ ದೊಡ್ಡ ಬಾಯಿ ಏಳಲಿಲ್ಲ. ಹೊರಡುವಾಗ, ಅವಳು ಬಿಟ್ಟುಹೋಗಿದ್ದ ಜೆರ್ಸಿಯನ್ನು ಚಾಚಿದೆ. ಚೈತ್ರ ತನ್ನ ಕಪ್ಪು ಕೈ ನೋಡಿಕೊಂಡಳು, ನನ್ನದನ್ನೂ ನೋಡಿದಳು.

"ಅಲ್ಲೇ ಮಡಗಿ ಸಾರ್. ಕೈ ತೊಳ್ಕೊಂಡ್ ಎತ್ಕೋತೀನಿ" ಅಂದಳು.