ಇಪ್ಪತ್ತು ಹೆಜ್ಜೆ ಆಚೆ ನಿಂತಿದ್ದ ಉಡಚವ್ವ

ನಮ್ಮ ಪಂಚಾಯಿತಿ ಉಪಚುನಾವಣೆಯ ಮಾನ್ಯ ಚುನಾವಣಾಧಿಕಾರಿಗಳೇ,

ತಾವು ನಮ್ಮೂರ ಹುಡುಗಿ ದುರ್ಗಾಳ ನಾಮಪತ್ರವನ್ನು ತಿರಸ್ಕರಿಸಿದಿರಿ. ಸೂಚಕಿಯಾದ ಉಡಚವ್ವ ತನ್ನ ಹೆಬ್ಬೆಟ್ಟನ್ನು ತಮ್ಮೆದುರು ಒತ್ತಿಲ್ಲ ಎಂಬುದು ತಾವು ಕೊಟ್ಟ ಕಾರಣ. ನಿಜ, ಒತ್ತಿಲ್ಲ. ಆದರೆ ಆ ನಾಮಪತ್ರ ತಮ್ಮ ಕೈ ಸೇರಿದ ಹೊತ್ತಿನಲ್ಲಿ ಉಡಚವ್ವ ತಮ್ಮ ಕುರ್ಚಿಯಿಂದ ಇಪ್ಪತ್ತು ಹೆಜ್ಜೆ ಆಚೆ, ಬಾಗಿಲ ಹೊರಗೆ, ಬೆರಳಿನ ಮಸಿಯನ್ನೂ ಒರೆಸಿಕೊಳ್ಳದೆ ನಿಂತಿದ್ದಳು. ಕರೆದಿದ್ದರೆ ಬರುತ್ತಿದ್ದಳು. ತಾವು ಕರೆಯಲಿಲ್ಲ. ನನ್ನ ತಕರಾರು ಇಷ್ಟೇ. ಆದರೆ ಇಷ್ಟೇ ಬರೆದು ಕೊಟ್ಟರೆ ತಮ್ಮ ಕಚೇರಿಯಲ್ಲಿ ಅದನ್ನು ಯಾರೂ ಓದುವುದಿಲ್ಲವೆಂದು ಅನುಭವದಿಂದ ಬಲ್ಲೆ. ಹಾಗಾಗಿ ಊರೆಲ್ಲ ಓದಲಿ ಎಂದು ಬಹಿರಂಗವಾಗಿ, ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಾನು ಬ್ಯಾಡಗಿಯಲ್ಲಿ ಬೇವಿನ ಮರದ ಕೆಳಗೆ ಒಂದು ಮೇಜು ಹಾಕಿಕೊಂಡು ಜನರ ಅರ್ಜಿ ಬರೆಯುವವನು. ಮೂವತ್ತೊಂದು ವರ್ಷವಾಯಿತು. ಓದು ಬಾರದವರು ಬಂದರೆ ಅವರು ಹೇಳಿದ್ದನ್ನು ಬರೆದು, ಓದಿ ಹೇಳಿ, ಕೆಳಗೆ ಹೆಬ್ಬೆಟ್ಟು ಒತ್ತಿಸಿ, ಪಕ್ಕದಲ್ಲಿ ನನ್ನ ಸಹಿ ಹಾಕುತ್ತೇನೆ. ಇಷ್ಟು ವರ್ಷಗಳಲ್ಲಿ ಹೆಬ್ಬೆಟ್ಟನ್ನು ಎಲ್ಲಿ ಒತ್ತಿಸಿದೆ ಎಂದು ಯಾವ ಕಚೇರಿಯೂ ನನ್ನನ್ನು ಕೇಳಿಲ್ಲ. ಆ ಅರ್ಜಿಗಳಿಂದ ಎಷ್ಟು ಜನರ ಕೆಲಸ ಆಯಿತು ಎಂದು ನಾನೂ ಕೇಳಿಲ್ಲ, ಕೇಳಿದ್ದರೆ ಬಹುಶಃ ಈ ಉದ್ಯೋಗ ಬಿಡಬೇಕಾಗುತ್ತಿತ್ತು.

ದುರ್ಗಾಳ ತಾಯಿ ಬೀರವ್ವ ಮತ್ತು ಈ ಉಡಚವ್ವ ಇಬ್ಬರೂ ಮೆಣಸಿನಕಾಯಿ ಗೋದಾಮಿನಲ್ಲಿ ತೊಟ್ಟು ಬಿಡಿಸುವವರು. ಬ್ಯಾಡಗಿ ಮೆಣಸಿನಕಾಯಿಯ ಬಣ್ಣವನ್ನು ತಾವು ತಟ್ಟೆಯಲ್ಲಿ ನೋಡಿ ಮೆಚ್ಚಿಕೊಂಡಿರಬಹುದು. ಅದೇ ಬಣ್ಣ ದಿನಕ್ಕೆ ಎಂಟು ತಾಸಿನಂತೆ ಇಪ್ಪತ್ತು ವರ್ಷ ಬೆರಳಿಗೆ ಹತ್ತಿದರೆ ಚರ್ಮ ಸುಲಿದು ಸುಲಿದು ಕೊನೆಗೆ ಗೆರೆಗಳೇ ಉಳಿಯುವುದಿಲ್ಲ. ಪಡಿತರ ಅಂಗಡಿಯ ಯಂತ್ರಕ್ಕೆ ಬೇಕಾದದ್ದು ಆ ಗೆರೆಗಳು. ಒಂದು ತಿಂಗಳು ಉಡಚವ್ವ ಮೂರು ಸಲ ಬರಿಗೈಯಲ್ಲಿ ವಾಪಸ್ಸು ಬಂದಳು. "ಥಂಬ್ ಬರವಲ್ದಬೇ, ನಾಳೆ ಬಾ" ಎಂದು ಅಂಗಡಿಯವನು ಮೂರು ಸಲವೂ ಅಂದನಂತೆ. ಆಗ ಬಿ.ಎ. ಕೊನೆಯ ವರ್ಷದಲ್ಲಿದ್ದ ದುರ್ಗಾ ಆಕೆಯನ್ನು ಕರೆದುಕೊಂಡು ನನ್ನ ಮೇಜಿಗೆ ಬಂದಳು.

"ಕಾಕಾ, ಹೆಬ್ಬೆಟ್ಟು ಇಲ್ಲದವ್ರಿಗೆ ಅನ್ನ ಇಲ್ಲಂತ ಕಾಯ್ದೆದಾಗ ಎಲ್ಲೆರ ಬರ್ದೈತೇನ್ರಿ?" ಎಂದು ಕೇಳಿದಳು.

ಇಲ್ಲ ಎಂದೆ. "ಹಂಗಾರ ಅದನ್ನ ಬರೀರಿ" ಎಂದಳು.

ಅಲ್ಲಿಂದ ನಾಲ್ಕು ವರ್ಷ ಆ ಹುಡುಗಿ ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ತಿರುಗಿದಳು. ಹಾವೇರಿಗೆ ಹೋಗಿ ನಿಯಮ ಏನೆಂದು ಕೇಳಿಕೊಂಡು ಬಂದಳು. ಪಡಿತರ ಕೊಡುವ ಹಿಂದಿನ ದಿನ ಹೆಂಗಸರನ್ನು ಗೋದಾಮಿಗೆ ಹೋಗಗೊಡದೆ, ಅವರ ಕೈಯನ್ನು ಬಿಸಿನೀರಿನಲ್ಲಿ ನೆನೆಸಿ, ಕೊಬ್ಬರಿ ಎಣ್ಣೆ ತಿಕ್ಕಿ, ಮರುದಿನ ತಾನೇ ಸಾಲಿನಲ್ಲಿ ನಿಲ್ಲಿಸುತ್ತಿದ್ದಳು. ಎಣ್ಣೆಗೂ ಬಗ್ಗದ ಬೆರಳಿನವರಿಗೆ ವಿನಾಯಿತಿ ಮಾಡಿಸಿಕೊಟ್ಟಳು. ಕಾಗಿನೆಲೆಯಿಂದ ಬಿಸ್ಮಿಲ್ಲಾಬಿ ಎಂಬ ಮುದುಕಿ ಬಸ್ಸು ಹತ್ತಿ ಹುಡುಕಿಕೊಂಡು ಬಂದು, "ಆ ಹೆಬ್ಬೆಟ್ಟಿನ ಹುಡುಗಿ ಎಲ್ಲಿ ಅದಾಳ್ರಿ?" ಎಂದು ನನ್ನನ್ನೇ ಕೇಳಿದ್ದಳು. ಇದನ್ನು ಮಾಡಲು ಸರಕಾರ ಸಂಬಳ ಕೊಟ್ಟು ಎಷ್ಟು ಜನರನ್ನು ಇಟ್ಟಿದೆ ಎಂಬುದು ನನಗಿಂತ ತಮಗೆ ಚೆನ್ನಾಗಿ ಗೊತ್ತು.

ನಮ್ಮ ಪಂಚಾಯಿತಿಯ ಒಂದು ಸ್ಥಾನ ತೆರವಾದಾಗ, ನಿಲ್ಲಬೇಕೆಂದು ದುರ್ಗಾ ಹೇಳಲಿಲ್ಲ. ಗೋದಾಮಿನ ಹೆಂಗಸರು ಹೇಳಿದರು. ಆಕೆ ಒಂದು ವಾರ ತಪ್ಪಿಸಿಕೊಂಡು ತಿರುಗಿದಳು. "ಇದಕ್ಕ ಮಾಡಿದ್ಲು ಅಂತಾರ್ ಕಾಕಾ, ಮಾಡಿದ್ದೆಲ್ಲ ನೀರಾಗ ಹೋಗ್ತೈತಿ" ಎನ್ನುತ್ತಿದ್ದಳು. ನಾನೇ ಬೈದೆ. ಒಳ್ಳೆಯವರೆಲ್ಲ ಹೀಗೆ ಸೆರಗು ಮುದುಡಿಕೊಂಡು ಕೂತರೆ ಅಲ್ಲಿ ಕೂರುವವರು ಯಾರು ಎಂದು ದೊಡ್ಡ ಭಾಷಣ ಬಿಗಿದೆ. ಇವತ್ತು ಆ ಭಾಷಣ ನೆನೆದರೆ ನನಗೆ ನಾಚಿಕೆಯಾಗುತ್ತದೆ. ಕೊನೆಗೆ ಆಕೆ ಒಪ್ಪಿದಳು. ಸೂಚಕಿ ಯಾರು ಎಂದಾಗ, ಉಡಚವ್ವ ಮುಂದೆ ಬಂದಳು. "ಈ ಹೆಬ್ಬೆಟ್ಟಿಗೆ ಜೀವಾ ಕೊಟ್ಟಾಕಿ ಇಕಿ. ಮೊದಲನೇದ್ದು ನಂದ ಬೀಳ್ಲಿ" ಅಂದಳು.

ತಪ್ಪು ಆದದ್ದು ಆಮೇಲೆ. ಅದು ನನ್ನದು. ರೂಢಿಯಂತೆ ನನ್ನ ಮೇಜಿನ ಮೇಲೆ ಮಸಿ ಡಬ್ಬಿ ತೆರೆದು ಆಕೆಯ ಹೆಬ್ಬೆಟ್ಟು ಒತ್ತಿಸಿ, ಪಕ್ಕದಲ್ಲಿ ನನ್ನ ಸಹಿ ಹಾಕಿದೆ. ನಾಮಪತ್ರದ ಹೆಬ್ಬೆಟ್ಟು ಅಧಿಕಾರಿಯ ಎದುರೇ ಬೀಳಬೇಕು, ಅಧಿಕಾರಿಯೇ ದೃಢೀಕರಿಸಬೇಕು ಎಂಬುದು ನನಗೆ ಹೊಳೆಯಲೇ ಇಲ್ಲ. ಸಾವಿರಾರು ಹೆಬ್ಬೆಟ್ಟು ಒತ್ತಿಸಿದ ಸೊಕ್ಕು ಅದು, ಒಪ್ಪಿಕೊಳ್ಳುತ್ತೇನೆ.

ಆದರೆ ನನಗೆ ತಿಳಿಯದ್ದು ತಮಗೆ ತಿಳಿದಿತ್ತಲ್ಲವೇ? ನಾಮಪತ್ರ ಕೊಟ್ಟ ದಿನ ತಮ್ಮ ಬಾಗಿಲಲ್ಲಿ ನಿಂತ ಸಿಬ್ಬಂದಿ ಅಭ್ಯರ್ಥಿಯನ್ನು ಮಾತ್ರ ಒಳಗೆ ಬಿಟ್ಟರು. "ನಾ ಸೂಚಕಿ ಅದೀನ್ರಿ" ಎಂದು ಉಡಚವ್ವ ಎರಡು ಸಲ ಹೇಳಿದಳು. "ಹೊರಗ ನಿಂದ್ರಬೇ, ಸಾಹೇಬ್ರು ಕರದ್ರ ಬರುವಂತಿ" ಎಂಬ ಉತ್ತರ ಬಂತು. ಒಳಗೆ ನಡೆದದ್ದನ್ನು ದುರ್ಗಾ ಬಂದು ಹೇಳಿದಳು: ತಾವು ನಾಮಪತ್ರದ ಹಾಳೆ ತಿರುವಿದಿರಿ, ಹೆಬ್ಬೆಟ್ಟು ನೋಡಿದಿರಿ, ಪಕ್ಕದ ನನ್ನ ಸಹಿ ನೋಡಿದಿರಿ, ರಸೀದಿ ಕೊಟ್ಟಿರಿ, "ಆಯ್ತಮ್ಮ, ಹೋಗಿ" ಎಂದಿರಿ. ಇನ್ನೊಬ್ಬ ಅಭ್ಯರ್ಥಿ ಕಿರಣಕುಮಾರ ತನ್ನ ಮತದಾರರ ಪಟ್ಟಿಯ ಕ್ರಮಸಂಖ್ಯೆಯನ್ನೇ ತಪ್ಪು ಬರೆದಿದ್ದ. ಅವನನ್ನು ಕುರ್ಚಿಯ ಮೇಲೆ ಕೂರಿಸಿ, ತಿದ್ದಲು ತಮ್ಮ ಪೆನ್ನನ್ನೇ ಕೊಟ್ಟಿರಿ. ಅದು ಸೌಜನ್ಯ, ನಾನು ಆಕ್ಷೇಪಿಸುವುದಿಲ್ಲ. ಆ ಸೌಜನ್ಯ ಬಾಗಿಲ ಹೊರಗೆ ಇಪ್ಪತ್ತು ಹೆಜ್ಜೆ ಹೋಗಲು ಯಾವ ಕಾಯ್ದೆ ಅಡ್ಡ ಬಂತು?

ಪರಿಶೀಲನೆಯ ದಿನ ತಮಗೆ ಕಾಯ್ದೆ ನೆನಪಾಯಿತು. ಹಾಳೆ ಎತ್ತಿ ಹಿಡಿದು ತಾವು ಎಲ್ಲರೆದುರು ಆಡಿದ ಮಾತು ಇದು: "ಈ ಹೆಬ್ಬೆಟ್ಟು ನಡೆಯುವುದಿಲ್ಲ." ಆ ದಿನ ಮಾತ್ರ ಉಡಚವ್ವನನ್ನು ಒಳಗೆ ಬಿಟ್ಟಿದ್ದರು. ಆಕೆ ಎಲ್ಲವನ್ನೂ ಕೇಳಿಸಿಕೊಂಡಳು. ಕಿರಣಕುಮಾರ ಅವಿರೋಧವಾಗಿ ಆಯ್ಕೆಯಾದ, ಗುಲಾಲು ಹಾರಿತು. ವಿರೋಧ ಇರಲಿಲ್ಲವಂತೆ. ಇತ್ತು ಸ್ವಾಮೀ, ಅದನ್ನು ತಾವು ಫೈಲಿನಲ್ಲಿ ಇಟ್ಟುಕೊಂಡಿದ್ದಿರಿ.

ತಕರಾರಿದ್ದರೆ ನ್ಯಾಯಾಲಯಕ್ಕೆ ಹೋಗಿ ಎಂದು ತಾವು ಹೇಳಬಹುದು. ದುರ್ಗಾ ಬೇಡ ಎಂದಳು. "ಕೋರ್ಟಿಗೆ ಅಡ್ಡಾಡೂದ್ರಾಗ ಅವಧಿನ ಮುಗೀತೈತಿ ಕಾಕಾ. ಮುಂದಿನ ಸಲ ನಿಲ್ತೇನಿ ಬಿಡ್ರಿ" ಎಂದಳು. ಆಕೆಗೆ ಇಪ್ಪತ್ತೈದು ವರ್ಷ, ಕಾಯಬಲ್ಲಳು. ನನ್ನ ಸಂಕಟ ಆಕೆಯ ಕುರಿತದ್ದಲ್ಲ.

ಉಡಚವ್ವ ಅಂದಿನಿಂದ ಎಲ್ಲಿಯೂ ಹೆಬ್ಬೆಟ್ಟು ಒತ್ತುತ್ತಿಲ್ಲ. ಎರಡು ತಿಂಗಳಿನಿಂದ ಪಡಿತರ ತಂದಿಲ್ಲ. ದುರ್ಗಾ ಎಣ್ಣೆಯ ಬಾಟಲಿ ಹಿಡಿದುಕೊಂಡು ಮನೆಗೆ ಹೋದರೆ ಆಕೆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾಳೆ. "ಹುಡುಗಿ ಹಣೇಬರಾನ ಅಳಿಸಿದ ಹೆಬ್ಬೆಟ್ಟಿದು. ಇದರ ಮ್ಯಾಲೆ ತಂದ ಅನ್ನ ನನಗ ಇಳಿಯಂಗಿಲ್ಲ" ಅನ್ನುತ್ತಾಳೆ. ತಪ್ಪು ನಿನ್ನದಲ್ಲ ಎಂದು ದುರ್ಗಾ ಹೇಳಿದಳು, ಬೀರವ್ವ ಹೇಳಿದಳು. ನಾನು ಆಕೆಯ ಕಟ್ಟೆಯ ಮೇಲೆ ಕೂತು, ತಪ್ಪು ನನ್ನದು ಎಂದು ಅತ್ತು ಹೇಳಿದೆ. "ನೀವೆಲ್ಲಾ ನನ್ನ ಸಮಾಧಾನಕ್ಕ ಹೇಳ್ತೀರಿ. ಸಾಹೇಬ್ರು ಸುಳ್ಳು ಹೇಳ್ತಾರೇನು?" ಎಂದಳು. ಒಬ್ಬ ಅಧಿಕಾರಿಯ ಮಾತಿನ ಮೇಲೆ ಇಷ್ಟು ನಂಬಿಕೆ ಇಟ್ಟವರನ್ನು ನಾನು ಮೂವತ್ತೊಂದು ವರ್ಷಗಳಲ್ಲಿ ಕಂಡಿಲ್ಲ. ಈ ನಂಬಿಕೆಗೆ ತಾವು ಕೊಟ್ಟ ಪ್ರತಿಫಲ ಹಸಿವು.

ಮರುಚುನಾವಣೆ ಕೇಳುತ್ತಿಲ್ಲ. ತಮ್ಮ ಅಮಾನತು ಕೇಳುತ್ತಿಲ್ಲ, ಅದರಿಂದ ಆಕೆಯ ಒಲೆ ಹೊತ್ತುವುದಿಲ್ಲ. ತಿರಸ್ಕಾರದ ಕಾರಣವಾಗಿ ನನ್ನ ಹೆಸರನ್ನು ಬೇಕಾದರೆ ಕೆಂಪು ಮಸಿಯಲ್ಲಿ ಬರೆದುಕೊಳ್ಳಿ. ನನ್ನ ಬೇಡಿಕೆ ಒಂದೇ. ತಾವು ಒಂದು ದಿನ ಉಡಚವ್ವನ ಮನೆಗೆ ಬರಬೇಕು. ಆಕೆಯ ಕೈ ನೋಡಿ, ಈ ಹೆಬ್ಬೆಟ್ಟು ನಡೆಯುತ್ತದೆ, ಕರೆಯದೆ ಇದ್ದವನು ನಾನು ಎಂದು ತಮ್ಮ ಬಾಯಿಯಿಂದಲೇ ಹೇಳಬೇಕು. ಕಾಗದ ಕಳಿಸಬೇಡಿ. ಆಕೆಗೆ ಓದಲು ಬರುವುದಿಲ್ಲ, ನಾನು ಓದಿ ಹೇಳಿದರೆ ಆಕೆ ನಂಬುವುದಿಲ್ಲ.

ಇಂತಿ,
ಇಷ್ಟು ವರ್ಷ ಬೇರೆಯವರ ಅರ್ಜಿಯ ಕೆಳಗೆ ‘ತಮ್ಮ ವಿಧೇಯ’ ಎಂದು ಬರೆದು, ಇಂದು ಸ್ವಂತಕ್ಕೆ ಹಾಗೆ ಬರೆಯಲು ಕೈ ಏಳದ,
ಮಾಲತೇಶಪ್ಪ
ಅರ್ಜಿ ಬರೆಯುವವ, ಬೇವಿನ ಮರದ ಕೆಳಗೆ, ಬ್ಯಾಡಗಿ